ಅಂಗಡಿ ಗಾಜಿನ ಮುಂದೆ

ಹೆಂಡತಿಯ ಚಪ್ಪಲಿಗಳಿದ್ದ ಪ್ಲಾಸ್ಟಿಕ್ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಅವನು ಹೃದಯ ವಿಭಾಗದ ಹೊರಗಿನ ಬೆಂಚಿನ ಮೇಲೆ ಕೂತಿದ್ದ. ಚೀಲವನ್ನು ಪಕ್ಕಕ್ಕಿಡಬಹುದಿತ್ತು, ಜಾಗ ಬೇಕಾದಷ್ಟಿತ್ತು. ಆದರೆ ಅವಳನ್ನು ಒಳಗೆ ತಳ್ಳಿಕೊಂಡು ಹೋಗುವ ಮುನ್ನ ದಾದಿ ಚಪ್ಪಲಿ, ಕನ್ನಡಕ, ಕಿವಿಯ ಓಲೆ ಎಲ್ಲವನ್ನೂ ಒಂದೇ ಚೀಲಕ್ಕೆ ತುರುಕಿ, "ಇನ್ನು ನಿಮ್ಮ ಜವಾಬ್ದಾರಿ ಸಾರ್" ಎಂದು ಕೈಗೆ ಕೊಟ್ಟಿದ್ದಳು. ಬಂದವರಿಗೆಲ್ಲ ಆಡುವ ಮಾತು ಅದು, ಅದರಲ್ಲಿ ವಿಶೇಷವೇನೂ ಇರಲಿಲ್ಲ. ಅವನಿಗೆ ಮಾತ್ರ ಬೇಕೆಂದೇ ಚುಚ್ಚಿದ ಹಾಗಾಗಿತ್ತು. ಬೆಳಗಿನಿಂದ ಎಲ್ಲವೂ ಹೀಗೆಯೇ. ನೆಲ ಒರೆಸುವವನು "ಸ್ವಲ್ಪ ಕಾಲೆತ್ತಿ" ಅಂದರೂ ಸಿಟ್ಟು, ಎದುರಿಗೆ ಕೂತ ಹೆಂಗಸು ತನ್ನ ಪಾಡಿಗೆ ನಕ್ಕರೂ ಸಿಟ್ಟು. ಸಿಟ್ಟು ಯಾರ ಮೇಲೆ ಎಂದು ಹುಡುಕಿಕೊಂಡು ಹೋದರೆ ಅದು ತಿರುಗಿ ವಾರ್ಡಿನ ಹಸಿರು ಪರದೆಯ ಹಿಂದಕ್ಕೆ ಬಂದು ನಿಲ್ಲುತ್ತಿತ್ತು.

ಆ ಪರದೆಯ ಹಿಂದೆ ಅವನು ನಿಂತದ್ದು ಕದ್ದು ಕೇಳಬೇಕೆಂದಲ್ಲ. ಬಾಟಲಿಗೆ ನೀರು ತುಂಬಿಸಿಕೊಂಡು ವಾರ್ಡಿಗೆ ಬಂದಾಗ ಒಳಗೆ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಹೆಂಡತಿಯನ್ನು ವಿಚಾರಿಸುತ್ತಿದ್ದಳು. ಪರೀಕ್ಷೆ ಮಾಡುತ್ತಿರಬಹುದು, ಮುಗಿಯಲಿ ಎಂದು ನಿಂತ.

"ಎಷ್ಟು ದೂರ ನಡೆದ್ರೆ ಉಸಿರು ಕಟ್ಟುತ್ತೆ ಅಮ್ಮಾ?"

"ಈಗ ಎರಡು ಅಂಗಡಿ ದಾಟೋಷ್ಟರಲ್ಲೇ ನಿಲ್ಬೇಕು. ಮುಂಚೆ ಏಳೆಂಟು ದಾಟ್ತಿದ್ದೆ."

"ಅದೇನು, ಅಂಗಡಿ ಲೆಕ್ಕ?"

"ಅಂಗಡಿ ಮುಂದೆ ನಿಂತ್ರೆ ಯಾರಿಗೂ ಗೊತ್ತಾಗಲ್ಲ ನೋಡಿ. ಗಾಜಿನೊಳಗೆ ಏನೋ ನೋಡ್ತಿದಾಳೆ ಅಂದ್ಕೋತಾರೆ. ಉಸಿರು ಸರಿಹೋದ ಮೇಲೆ ಮತ್ತೆ ಮುಂದಕ್ಕೆ."

"ಯಾವಾಗಿಂದ ಹೀಗೆ?"

"ಮದುವೆ ಆದಾಗಿಂದ. ಅಲ್ಲೀವರೆಗೆ ಎಲ್ಲಾರಿಗೂ ಹೀಗೇ ಆಗುತ್ತೇನೋ ಅಂದ್ಕೊಂಡಿದ್ದೆ. ಇವರು ತುಂಬಾ ಜೋರು ನಡೀತಾರೆ, ಆವಾಗ ಗೊತ್ತಾಯ್ತು."

"ಅವರಿಗೆ ಹೇಳ್ಲಿಲ್ವಾ?"

ಹೆಂಡತಿ ನಕ್ಕಿದ್ದು ಕೇಳಿಸಿತು. "ಏನಂತ ಹೇಳ್ಲಿ? ಪಾಪ, ಅವರು ಬೇರೆ ಏನೋ ತಿಳ್ಕೊಂಡು ಖುಷಿಯಾಗಿದ್ರು."

ಆ ಪಾಪ ಎಂಬ ಮಾತು. ಬೈದಿದ್ದರೆ ಬೈಸಿಕೊಂಡು ಸುಮ್ಮನಿರಬಹುದಿತ್ತು. ಅವನು ನೀರಿನ ಬಾಟಲಿ ಹಿಡಿದುಕೊಂಡು ಹಿಂದಕ್ಕೆ ಹೋಗಿ, ಮೆಟ್ಟಿಲ ಹತ್ತಿರ ಸ್ವಲ್ಪ ಹೊತ್ತು ನಿಂತು, ಈಗಷ್ಟೇ ಬಂದವನಂತೆ ಕೆಮ್ಮುತ್ತಾ ಒಳಗೆ ಹೋಗಿದ್ದ. "ನೀರು ಕುಡಿಯೋ ಹಾಗಿಲ್ವಂತೆ ರೀ, ಸುಮ್ನೆ ತಂದ್ರಿ," ಎಂದಳು ಅವಳು.

ಮನೆಯಲ್ಲಿ ಬಾಗಿಲು ತೆಗೆದ ಕೂಡಲೇ ಕಾಣುವುದು ಹಕ್ಕಿಯ ಪಂಜರ. ಹಕ್ಕಿ ಯಾವತ್ತೂ ಇರಲಿಲ್ಲ, ಅವಳು ಅದರಲ್ಲಿ ಬಟ್ಟೆ ಒಣಹಾಕುವ ಕ್ಲಿಪ್ಪುಗಳನ್ನು ಇಟ್ಟುಕೊಂಡಿದ್ದಾಳೆ. ಮೊಟ್ಟಮೊದಲು ತಂದದ್ದು ಅದನ್ನೇ. ಮದುವೆಯಾದ ಹೊಸತು, ಸಂಜೆ ಹೊತ್ತು ಅವಳನ್ನು ಹಿಂದಿಟ್ಟುಕೊಂಡು ಪೇಟೆಯಲ್ಲಿ ಹೋಗುತ್ತಿದ್ದವನು ಹೊರಳಿ ನೋಡಿದರೆ ಅವಳು ಪಂಜರದ ಅಂಗಡಿಯ ಮುಂದೆ ನಿಂತಿದ್ದಾಳೆ, ಬಾಯಿ ಮುಚ್ಚಿ, ಮೂಗಿನ ಹೊಳ್ಳೆ ಅರಳಿಸಿ, ಒಂದೇ ಪಂಜರದ ಮೇಲೆ ಕಣ್ಣು ನೆಟ್ಟು. ಎಂಥ ಆಸೆ ಇರಬೇಕು ಈ ಹುಡುಗಿಗೆ ಎಂದುಕೊಂಡಿದ್ದ. ಸಂಬಳವಾದ ದಿನ ತಂದುಕೊಟ್ಟಾಗ ಅವಳು ಕಣ್ಣರಳಿಸಿ, "ಅಯ್ಯೋ, ಇದೆಲ್ಲ ಯಾಕೆ ತರೋಕೆ ಹೋದ್ರಿ?" ಎಂದಿದ್ದಳು. ಅವನಿಗೆ ಅಂದು ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಪಂಜರ ಆದ ಮೇಲೆ ಭೂಗೋಳದ ಗೋಳ ಬಂತು, ತೂಗುಹಾಕುವ ತಕ್ಕಡಿ ಬಂತು, ಗಂಡಸರ ಕೊಡೆ ಬಂತು, ಹಿತ್ತಾಳೆಯ ದೊಡ್ಡ ನಲ್ಲಿ ಬಂತು. ಆ ನಲ್ಲಿ ಯಾವ ಪೈಪಿಗೂ ಕೂರದೆ ಇವತ್ತಿಗೂ ಡಬ್ಬಿಯಲ್ಲೇ ಇದೆ. ಹೆಂಗಸಿಗೆ ನಲ್ಲಿಯ ಮೇಲೆ ಯಾಕೆ ಆಸೆ ಎಂದು ಅವನು ಒಮ್ಮೆಯಾದರೂ ಯೋಚಿಸಬೇಕಿತ್ತಲ್ಲ! ಯೋಚಿಸಿರಲಿಲ್ಲ. ನೀರಿನ ಇಲಾಖೆಯವನ ಹೆಂಡತಿಯಲ್ಲವೇ ಎಂದು ಒಳಗೊಳಗೇ ಬೀಗಿದ್ದ. ಆಫೀಸಿನಲ್ಲಿ ಊಟದ ಹೊತ್ತಿಗೆ ಹೆಂಡಂದಿರ ಕಾಟದ ಮಾತು ಬಂದಾಗಲೆಲ್ಲ, "ನಮ್ಮನೆಯೋಳು ಬಾಯ್ಬಿಟ್ಟು ಏನೂ ಕೇಳೋದೇ ಇಲ್ಲಪ್ಪ, ನಾನೇ ಅರ್ಥ ಮಾಡ್ಕೋಬೇಕು" ಎಂದು ಹೇಳಿಕೊಂಡದ್ದುಂಟು. ಗುಮಾಸ್ತ ಒಬ್ಬ, "ಪುಣ್ಯ ಮಾಡಿದ್ರಿ ಬಿಡಿ" ಎಂದಿದ್ದ. ಈಗ ಆ ಗುಮಾಸ್ತನ ಮುಖ ನೆನಪಾಗಿ ಕಿವಿಯೆಲ್ಲ ಬಿಸಿಯಾಯಿತು.

ಅವನದು ಮನೆಮನೆಗೆ ಹೋಗಿ ನೀರಿನ ಮೀಟರು ಓದುವ ಕೆಲಸವಾಗಿತ್ತು. ಕೆಲಸಕ್ಕೆ ಸೇರಿದಾಗ ಹಿರಿಯ ರೀಡರು ಕಲಿಸಿದ್ದ ಮೊದಲನೆಯ ಪಾಠ, ನಿಲ್ಲಬೇಡ. ಮುಚ್ಚಳ ಎತ್ತು, ಓದು, ಬರಕೋ, ನಡೆ. ನಿಂತೆಯೋ ಕೆಟ್ಟೆ, ಯಾರಾದರೊಬ್ಬರು ಬಾಗಿಲಿಗೆ ಬಂದು ಬಿಲ್ಲು ಜಾಸ್ತಿ ಬಂದಿದೆ, ನೀರು ಕಮ್ಮಿ ಬರುತ್ತಿದೆ ಎಂದು ಶುರು ಹಚ್ಚಿಕೊಳ್ಳುತ್ತಾರೆ. ಹಾಗಾಗಿ ತಲೆ ತಗ್ಗಿಸಿ ದಾಪುಗಾಲು ಹಾಕುವುದು ಅವನಿಗೆ ಮೈಗೂಡಿಬಿಟ್ಟಿತ್ತು. ಯಾರಾದರೂ ನಿಂತರೆ ಅವರಿಗೆ ಏನೋ ಬೇಕಾಗಿದೆ, ಏನೋ ದೂರು ಇದೆ ಎಂದೇ ಅರ್ಥ. ಹೆಂಡತಿ ನಿಂತಾಗಲೂ ಅವನು ಓದಿದ್ದು ಅದನ್ನೇ. ಕೆಲವು ಸಲ ಅದು ಆಸೆಯಾಗಿ ಕಂಡರೆ ಕೆಲವು ಸಲ ತಿಂಗಳ ಕೊನೆಯಲ್ಲಿ ಜೇಬು ಬರಿದಾದಾಗ ಮೂದಲಿಕೆಯಾಗಿ ಕಾಣುತ್ತಿತ್ತು. ನಿನ್ನ ಕೈಲಿ ಇದನ್ನ ಕೊಡಿಸೋಕಾಗುತ್ತಾ ಎಂದು ಗಾಜಿಗೆ ಮುಖ ಮಾಡಿ ಕೇಳುತ್ತಿದ್ದಾಳೆ ಎನಿಸಿ, ಹೊರಳಿ ನೋಡದೆ ಇನ್ನೂ ಜೋರಾಗಿ ನಡೆದುಬಿಡುತ್ತಿದ್ದ. ಮನೆ ಸೇರಿ ಎಷ್ಟೋ ಹೊತ್ತಿನ ಮೇಲೆ ಅವಳು ಬಾಗಿಲಲ್ಲಿ ಕಾಣಿಸಿಕೊಂಡು, ಒಂದು ಕೈ ಚೌಕಟ್ಟಿಗೆ ಆನಿಸಿ, "ನೀವೇನು ರೀ, ಗಾಳಿ ಥರ ಬಂದ್ಬಿಟ್ರಿ" ಎನ್ನುತ್ತಿದ್ದಳು. ಅದನ್ನು ಅವನು ಹೊಗಳಿಕೆ ಎಂದುಕೊಳ್ಳುತ್ತಿದ್ದ.

"ಭಾವ, ಏನಾದ್ರೂ ತಿನ್ನಿ. ಬಿಸ್ಕತ್ತಾದ್ರೂ ತಿನ್ನಿ." ಹೆಂಡತಿಯ ತಮ್ಮ ಬಂದು ಪಕ್ಕದಲ್ಲಿ ಕೂತ. ಒಳ್ಳೆಯವನು, ಆದರೆ ಬಾಯಿ ಮುಚ್ಚಿ ಕೂರಲಾರ. ನೆಲಕ್ಕೆ ಹಾಸುವ ಟೈಲ್ಸ್ ಮಾರುವವನು. ಆಸ್ಪತ್ರೆಗೆ ಬಂದಾಗಿನಿಂದ ಇಲ್ಲಿನ ಟೈಲ್ಸು ಕಳಪೆ, ಮೂಲೆಯಲ್ಲಿ ಸೀಳು ಬಿಟ್ಟಿದೆ ಎಂದು ಅಳುಕನ್ನೆಲ್ಲ ಅದರ ಮೇಲೆ ಹಾಕಿ ಮಾತಾಡುತ್ತಿದ್ದ. ಈಗ ಬಿಸ್ಕತ್ತಿನ ಪೊಟ್ಟಣ ಬಿಚ್ಚುತ್ತಾ ತಾನೇ ಮೆತ್ತಗಾಗಿ ಹೇಳಿದ: "ಚಿಕ್ಕೋರಿದ್ದಾಗ ಅಕ್ಕನ್ನ ನಾವೆಲ್ಲ ಅಂಪೈರ್ ಅಂತಿದ್ವಿ ಭಾವ. ಯಾವ ಆಟಕ್ಕೂ ಇಳೀತಿರ್ಲಿಲ್ಲ. ಕಲ್ಲಿನ ಮೇಲೆ ಕೂತ್ಕೊಂಡು ನೀನು ಔಟು, ನೀನು ಔಟಿಲ್ಲ ಅಂತ ಹೇಳೋಳು. ಅವಳು ಹೇಳಿದ್ಮೇಲೆ ಮುಗೀತು, ಯಾರೂ ಎದುರಾಡೋ ಹಾಗಿಲ್ಲ. ಎಷ್ಟು ಗತ್ತು ಇವಳಿಗೆ ಅಂದ್ಕೋತಿದ್ವಿ." ಬಾಮೈದ ಬಿಸ್ಕತ್ತನ್ನು ಕೈಯಲ್ಲೇ ಹಿಡಿದುಕೊಂಡು ಗೋಡೆ ನೋಡಿದ. "ಓಡೋಕಾಗ್ತಿರ್ಲಿಲ್ಲ ಅಷ್ಟೇ ಅಲ್ವಾ ಭಾವ? ನಾವು ಗತ್ತು ಅಂದ್ಕೊಂಡ್ವಿ."

ಆಸ್ಪತ್ರೆಯವರಿಗೆ ಸಿಕ್ಕಿದ್ದೂ ಆಕಸ್ಮಿಕವಾಗಿಯೇ. ಬಿಡದ ಕೆಮ್ಮಿಗೆಂದು ತೆಗೆಸಿದ ಎಕ್ಸ್‌ರೇಯಲ್ಲಿ ಹೃದಯ ಊದಿಕೊಂಡು ಕಂಡಿತ್ತು. ಮೇಲಿನ ಎರಡು ಕೋಣೆಗಳ ನಡುವಿನ ಗೋಡೆಯಲ್ಲಿ ತೂತು, ಹುಟ್ಟಿದಾಗಿನಿಂದ ಇದೆ ಎಂದರು ದೊಡ್ಡ ಡಾಕ್ಟರು. ಎದೆ ಕೊಯ್ಯಬೇಕಾಗಿಲ್ಲ, ತೊಡೆಯ ಸಂದಿಯ ರಕ್ತನಾಳದಿಂದ ಸಣ್ಣ ನಳಿಗೆ ಹೊಗಿಸಿ ಹೃದಯದವರೆಗೂ ಹೋಗಿ, ತೂತಿಗೆ ಇದನ್ನು ಕೂರಿಸಿ ಬರುತ್ತೇವೆ ಎಂದು ಮೇಜಿನ ಖಾನೆಯಿಂದ ಒಂದು ಮಾದರಿ ತೆಗೆದು ಅವನ ಅಂಗೈಯಲ್ಲಿಟ್ಟರು. ಕೂದಲಿನಷ್ಟು ಸಣ್ಣ ತಂತಿಯಿಂದ ಹೆಣೆದ ಎರಡು ಬಿಲ್ಲೆ, ನಡುವೆ ಸಣ್ಣ ಸೊಂಟ. ಒಂದು ಬಿಲ್ಲೆ ಗೋಡೆಯ ಆಚೆ, ಇನ್ನೊಂದು ಈಚೆ. "ವಾಷರ್ ಇದ್ದ ಹಾಗಿದೆ" ಎಂದಿದ್ದ ಅವನು. ಡಾಕ್ಟರು ನಕ್ಕು, "ಹಾಗೇ ಅಂದ್ಕೊಳ್ಳಿ" ಎಂದರು. ವಾಷರ್ ಹಾಕಿದರೆ ಸೋರಿಕೆ ನಿಲ್ಲುತ್ತದೆ. ಅಷ್ಟು ಕೇಳಿದ್ದೇ ಅವನ ಜೀವ ಹಗುರಾಗಿತ್ತು, ಮುಂದಿನದನ್ನು ಅರ್ಧ ಕಿವಿಯಲ್ಲಿ ಕೇಳಿದ್ದ. ಇಷ್ಟು ಕಾಲ ಆ ತೂತಿನಿಂದ ಹೆಚ್ಚಿನ ರಕ್ತ ನುಗ್ಗಿ ನುಗ್ಗಿ ಶ್ವಾಸಕೋಶದ ನಾಳಗಳು ಗಟ್ಟಿಯಾಗಿವೆ, ಒತ್ತಡ ಏರಿದೆ. ಆದ್ದರಿಂದ ಮೊದಲು ಬಲೂನು ಉಬ್ಬಿಸಿ ತೂತನ್ನು ಸ್ವಲ್ಪ ಹೊತ್ತು ಮುಚ್ಚಿ ನೋಡುತ್ತೇವೆ. ಹೃದಯ ತಡೆದುಕೊಂಡರೆ ಸರಿ. ತಡೆದುಕೊಳ್ಳದಿದ್ದರೆ ಮುಚ್ಚುವ ಹಾಗಿಲ್ಲ, ಹಾಗೆಯೇ ವಾಪಸ್ಸು ಬರಬೇಕು. "ತಡ್ಕೊಳ್ತಾಳೆ ಸಾರ್, ಗಟ್ಟಿಗಿತ್ತಿ" ಎಂದಿದ್ದ. ಯಾವ ಭರವಸೆಯ ಮೇಲೆ ಹಾಗೆ ಹೇಳಿದೆ ಎಂದು ಈಗ ಚೀಲದೊಳಗಿನ ಕನ್ನಡಕವನ್ನು ಮೇಲಿನಿಂದಲೇ ಮುಟ್ಟಿ ನೋಡುತ್ತಾ ತನ್ನನ್ನು ಕೇಳಿಕೊಂಡ.

ಮಕ್ಕಳ ಬಟ್ಟೆಯ ಅಂಗಡಿಯನ್ನು ನೆನೆಸಿಕೊಳ್ಳಬಾರದೆಂದು ಬೆಳಗಿನಿಂದ ದೂರ ತಳ್ಳುತ್ತಾ ಬಂದಿದ್ದ. ಅದು ತಾನಾಗಿಯೇ ಬಂತು. ಮದುವೆಯಾಗಿ ಹತ್ತು ವರ್ಷದ ಮೇಲಾಗಿತ್ತು, ಮಕ್ಕಳಾಗಿರಲಿಲ್ಲ, ಆಗುವುದಿಲ್ಲ ಎಂಬುದೂ ಗೊತ್ತಾಗಿತ್ತು. ಆ ವಿಷಯ ಇಬ್ಬರೂ ಎತ್ತುತ್ತಿರಲಿಲ್ಲ. ಪೇಟೆಬೀದಿಯಲ್ಲಿ ಸಂಜೆಯ ಜನಜಂಗುಳಿಯಲ್ಲಿ ಹೊರಳಿ ನೋಡಿದರೆ ಅವಳು ಆ ಅಂಗಡಿಯ ಗಾಜಿನ ಮುಂದೆ ನಿಂತಿದ್ದಳು. ಒಳಗೆ ಅಂಗೈಯಗಲದ ಅಂಗಿಗಳು, ಉಣ್ಣೆಯ ಕಾಲುಚೀಲ. ಅವನಿಗೆ ಮೈಯೆಲ್ಲ ಉರಿದುಹೋಯಿತು. ಹಿಂದಕ್ಕೆ ಹೋಗಿ ಜನರೆದುರೇ, "ಇಲ್ಲಿ ನಿಂತ್ಕೊಂಡು ಯಾರಿಗೆ ಏನು ತೋರಿಸ್ಬೇಕು ಅಂತಿದ್ದೀಯಾ? ಹೇಳೋದಿದ್ರೆ ಬಾಯ್ಬಿಟ್ಟು ಹೇಳು" ಎಂದು ರೇಗಿದ್ದ. ಅವಳು ಗಾಜಿನಿಂದ ಕಣ್ಣು ತೆಗೆದು, "ಸುಮ್ನೆ ನೋಡ್ತಿದ್ದೆ ರೀ" ಎಂದಳು. ಅಂಗಡಿಯವನು ಕೌಂಟರಿನ ಹಿಂದಿನಿಂದ ಇಬ್ಬರನ್ನೂ ನೋಡುತ್ತಿದ್ದ. ಮಾರನೆಯ ದಿನದಿಂದ ಅವನು ದಾರಿಯನ್ನೇ ಬದಲಾಯಿಸಿಬಿಟ್ಟ. ಪೇಟೆಬೀದಿಯಲ್ಲಿ ಧೂಳು, ನನಗಾಗುವುದಿಲ್ಲ ಎಂದು ನೆಪ ಹೇಳಿ ನೀರಿನ ಟ್ಯಾಂಕಿನ ಹಿಂದಿನ ರಸ್ತೆ ಹಿಡಿದ. ಆ ರಸ್ತೆಯಲ್ಲಿ ಅಂಗಡಿಗಳಿಲ್ಲ, ಉದ್ದಕ್ಕೂ ಕಾಂಪೌಂಡು ಗೋಡೆ. ಮತ್ತು ಅದು ಏರು.

ಅಂದಿನಿಂದ ಇಂದಿನವರೆಗೂ ಅವಳು ಆ ಏರು ಹತ್ತಿದ್ದಾಳೆ, ನಿಲ್ಲಲು ಒಂದು ಅಂಗಡಿಯೂ ಇಲ್ಲದ ಏರು. ಅಲ್ಲಿ ಅವಳು ಹೇಗೆ ನಿಲ್ಲುತ್ತಿದ್ದಳು? ನೆನಪಾಯಿತು. ಚಪ್ಪಲಿಯಲ್ಲಿ ಕಲ್ಲು ಸಿಕ್ಕಿಕೊಂಡಿದೆ ಎಂದು ಗೋಡೆ ಹಿಡಿದು ಬಗ್ಗುತ್ತಿದ್ದಳು. ಎಷ್ಟು ಸಲ ಕಲ್ಲು ಸಿಕ್ಕಿಕೊಳ್ಳುತ್ತದೆ ಈ ಹೆಂಗಸಿಗೆ ಎಂದು ಅವನು ತಮಾಷೆ ಮಾಡಿದ್ದ, ಕಲ್ಲು ಹೋಗದ ಹಾಗೆ ಮುಚ್ಚಿದ ಚಪ್ಪಲಿಯನ್ನೂ ತಂದುಕೊಟ್ಟಿದ್ದ. ತೊಡೆಯ ಮೇಲಿನ ಚೀಲದಲ್ಲಿ ಇದ್ದದ್ದು ಅವೇ. ಅವನ್ನು ಹಾಕಿಕೊಂಡ ಮೇಲೆ ಅವಳಿಗೆ ಆ ನೆಪವೂ ಇಲ್ಲದಂತಾಗಿರಬೇಕು. ಇಷ್ಟರ ನಡುವೆ ಇನ್ನೊಂದು ಯೋಚನೆ ಕಳ್ಳನಂತೆ ಬಂದು ಕೂತಿತು: ಹಾಗಾದರೆ ಅಂದು ಆ ಅಂಗಡಿಯ ಮುಂದೆಯೂ ಅವಳು ಉಸಿರಿಗೇ ನಿಂತಿದ್ದಳು. ಅಂಗಿಗಳನ್ನು ನೋಡಿಯೇ ಇರಲಿಲ್ಲ. ಅವಳಿಗೆ ದುಃಖವಿರಲಿಲ್ಲ, ದೂರಿರಲಿಲ್ಲ, ಬರೀ ಆಯಾಸ. ಇಷ್ಟು ವರ್ಷ ಎದೆಯೊಳಗೆ ಕೂತಿದ್ದ ಮುಳ್ಳೊಂದು ಸಡಿಲವಾದಂತೆನಿಸಿತು. ಹೆಂಡತಿ ಒಳಗೆ ಮಲಗಿರುವಾಗ ತನಗೆ ಹೀಗೆ ಹಗುರಾಗಬಹುದೇ ಎಂದು ನಾಚಿಕೆಯೂ ಆಯಿತು. ಆದರೂ ಹಗುರಾದದ್ದು ನಿಜ.

"ಪೇಷೆಂಟಿನ ಮನೆಯವರು ಯಾರು? ಒಳಗೆ ಬರ್ಬೇಕಂತೆ." ದಾದಿ ಬಾಗಿಲಲ್ಲಿ ನಿಂತಿದ್ದಳು. ಬಾಮೈದನೂ ಎದ್ದ, ಒಬ್ಬರೇ ಬನ್ನಿ ಎಂದಳು. ಚೀಲ ಹಿಡಿದುಕೊಂಡೇ ಒಳಗೆ ಹೋದ. ಅದು ಶಸ್ತ್ರಚಿಕಿತ್ಸೆಯ ಕೋಣೆಯಲ್ಲ, ಪಕ್ಕದ ಸಣ್ಣ ಕೋಣೆ, ನಡುವೆ ಗೋಡೆಯಗಲದ ಗಾಜು. ಗಾಜಿನ ಆಚೆ ಅವಳು ಮಲಗಿದ್ದಳು, ಕುತ್ತಿಗೆಯವರೆಗೆ ನೀಲಿ ಬಟ್ಟೆ ಹೊದೆಸಿದ್ದರು. ಚಿಕ್ಕ ಡಾಕ್ಟರಮ್ಮ ಅವಳ ತಲೆಯ ಹತ್ತಿರ ನಿಂತಿದ್ದಳು. ದೊಡ್ಡ ಡಾಕ್ಟರು ಭಾರದ ಉಡುಪು ತೊಟ್ಟುಕೊಂಡೇ ಈಚೆ ಬಂದು, ಮುಖವಾಡ ಕೆಳಗೆ ಎಳೆದು, ಕಂಪ್ಯೂಟರಿನ ಪರದೆಯೊಂದನ್ನು ತೋರಿಸಿದರು.

"ಇದು ತೂತು. ಇದು ಬಲೂನು, ಈಗ ಅದನ್ನ ಮುಚ್ಚಿದೆ. ಒಂದ್ಸಲ ನೋಡಿದ್ವಿ, ಸರಿಬರ್ಲಿಲ್ಲ. ಔಷಧ ಕೊಟ್ಟು ಎರಡನೇ ಸಲ ನೋಡ್ತಿದ್ದೀವಿ. ನೀವೂ ನೋಡ್ಬೇಕು ಅಂತ ಕರೆದೆ. ಆ ಅಂಕಿ ಗಮನಿಸಿ."

ಅಂಕಿ ಓದುವುದು ಅವನಿಗೆ ಹೇಳಿಕೊಡಬೇಕಾಗಿರಲಿಲ್ಲ. ಜೀವಮಾನವಿಡೀ ಮಾಡಿದ್ದು ಅದನ್ನೇ. ಮೇಲಿನ ಅಂಕಿ ಏರುತ್ತಿತ್ತು, ಕೆಳಗಿನದು ಇಳಿಯುತ್ತಿತ್ತು. ಮೇಲಿನದು ಶ್ವಾಸಕೋಶದ ಒತ್ತಡ, ಕೆಳಗಿನದು ಮೈಯ ರಕ್ತದೊತ್ತಡ ಎಂದರು ಡಾಕ್ಟರು. ಅವನು ಅಂಕಿ ಬಿಟ್ಟು ಗಾಜಿನಾಚೆ ನೋಡಿದ. ಅವಳು ಎಚ್ಚರವಾಗಿಯೇ ಇದ್ದಳು. ಬಾಯಿ ಮುಚ್ಚಿದ್ದಳು, ಮೂಗಿನ ಹೊಳ್ಳೆ ಅರಳಿತ್ತು, ಚಾವಣಿಗೆ ತೂಗುಬಿಟ್ಟ ದೀಪದ ಮೇಲೆ ಕಣ್ಣು ನೆಟ್ಟಿದ್ದಳು, ತುಟಿಯ ಅಂಚಿನಲ್ಲಿ ನಗುವಿನಂಥದ್ದೇನೋ. ಆ ಮುಖ ಅವನಿಗೆ ಗೊತ್ತಿತ್ತು. ಪಂಜರದ ಮುಂದೆ, ಭೂಗೋಳದ ಮುಂದೆ, ಕೊಡೆಯ ಮುಂದೆ, ನಲ್ಲಿಯ ಮುಂದೆ ಅದೇ ಮುಖ. ಆಸೆಯ ಮುಖವೆಂದು ಅವನು ಪ್ರೀತಿಸಿದ್ದು ಈ ಮುಖವನ್ನು. ಉಸಿರು ಸಿಗದವಳ ಮುಖ.

"ತೆಗೀರಿ ಸಾರ್," ಎಂದ. "ತೆಗೀರಿ, ಅವಳಿಗೆ ಆಗ್ತಿಲ್ಲ."

"ತೆಗೀತಿದ್ದೀವಿ." ಡಾಕ್ಟರು ಗಾಜಿನಾಚೆಗೆ ಕೈ ಮಾಡಿದರು. ಪರದೆಯ ಮೇಲೆ ಬಲೂನು ಸೊರಗಿತು, ಸ್ವಲ್ಪ ಹೊತ್ತಿಗೆ ಅಂಕಿಗಳು ಒಂದೊಂದಾಗಿ ತಮ್ಮ ಜಾಗಕ್ಕೆ ಬಂದವು. ಅವಳ ಬಾಯಿ ತೆರೆದುಕೊಂಡಿತು. ಡಾಕ್ಟರು ಮೆಲ್ಲಗೆ ಹೇಳಿದರು: "ಈಗ ಆ ತೂತೇ ಅವರ ಹೃದಯಕ್ಕೆ ಆಸರೆ. ಆ ಕಡೆ ಒತ್ತಡ ಜಾಸ್ತಿಯಾದಾಗ ಇಲ್ಲಿಂದ ಸ್ವಲ್ಪ ರಕ್ತ ಹೊರಗೆ ಹೋಗುತ್ತೆ, ಅದರಿಂದ ನಡೀತಿದೆ. ಮುಚ್ಚಿದ್ರೆ ನಾವೇ ಕೈಯಾರೆ ತೊಂದರೆ ಕೊಟ್ಟ ಹಾಗಾಗುತ್ತೆ. ಮಾತ್ರೆ ಕೊಡ್ತೀವಿ. ಒತ್ತಡ ಇಳಿದ್ರೆ ಮುಂದೆ ಯಾವತ್ತಾದ್ರೂ ಮತ್ತೆ ನೋಡೋಣ. ಆದ್ರೆ ಆಸೆ ಇಟ್ಕೋಬೇಡಿ."

"ಮುಂಚೆನೇ ಬಂದಿದ್ರೆ?"

ಡಾಕ್ಟರು ಅವನ ಮುಖ ನೋಡಿ, ಹೇಳಲೋ ಬೇಡವೋ ಎಂದು ಒಂದು ಗಳಿಗೆ ಯೋಚಿಸಿದರು. "ಹದಿನೈದಿಪ್ಪತ್ತು ವರ್ಷದ ಹಿಂದೆ ಬಂದಿದ್ರೆ ಸುಲಭವಾಗಿ ಮುಚ್ಚಿ ಕಳಿಸ್ತಿದ್ವಿ. ಬಿಡಿ, ಎಷ್ಟೋ ಜನಕ್ಕೆ ಗೊತ್ತೇ ಆಗಲ್ಲ. ಹೊರಗಿನೋರಿಗೆ ಹೇಗೆ ಗೊತ್ತಾಗ್ಬೇಕು?" ಎಂದು ಅವನ ಭುಜ ತಟ್ಟಿ ಒಳಗೆ ಹೋದರು. ಹೊರಗಿನವರು. ಅವನು ಗಾಜಿಗೆ ಇನ್ನೂ ಹತ್ತಿರ ಹೋಗಿ ನಿಂತುಕೊಂಡ. ಹೋಗಬಹುದು ಎಂದು ದಾದಿ ಎರಡು ಸಲ ಹೇಳಿದ ಮೇಲೆ ಹೊರಗೆ ಬಂದ.

ಸಂಜೆ ವಾರ್ಡಿನಲ್ಲಿ ಅವಳು ಬಲಗಾಲನ್ನು ಅಲ್ಲಾಡಿಸದೆ ನೀಟಾಗಿ ಚಾಚಿಕೊಂಡು ಮಲಗಿದ್ದಳು. ಬಾಮೈದ ಔಷಧಿ ಅಂಗಡಿಗೆ ಹೋಗಿದ್ದ. ಇವನು ಸ್ಟೂಲಿನ ಮೇಲೆ ಕೂತು ಸೇಬು ಹೆಚ್ಚುತ್ತಾ, ಹೇಗೆ ಶುರು ಮಾಡಲಿ ಎಂದು ಒಂದೊಂದು ಹೋಳಿಗೂ ಒಂದೊಂದು ಮಾತು ಜೋಡಿಸಿ ಬಿಡುತ್ತಿದ್ದ. ಎಲ್ಲಾ ಸರಿಹೋಯಿತು ಎಂದುಬಿಡಲೇ ಎಂದೂ ಅನಿಸಿತು. ಅವಳೇ ಅಂದಳು:

"ಎಷ್ಟು ಸಣ್ಣ ಸಣ್ಣಗೆ ಹೆಚ್ತಿದ್ದೀರಾ, ನನ್ನ ಹಲ್ಲು ಗಟ್ಟಿಯಾಗೇ ಇದಾವೆ. ಮುಚ್ಚಲಿಲ್ಲ ಅಂತ ಗೊತ್ತು ಬಿಡಿ. ಎಚ್ಚರ ಇತ್ತು ನಂಗೆ."

ಅವನ ಕೈ ನಿಂತಿತು.

"ನೀವು ಗಾಜಿನಾಚೆ ನಿಂತಿದ್ರಿ ಅಲ್ವಾ? ಕನ್ನಡಕ ಇಲ್ದೇ ಇದ್ರೂ ಗೊತ್ತಾಯ್ತು, ಚೀಲ ಅಪ್ಪಿಕೊಂಡು ನಿಂತಿದ್ದು. ಡಾಕ್ಟ್ರು ಹೋದ ಮೇಲೂ ಅಲ್ಲೇ ಇದ್ರಿ. ಏನು ನೋಡ್ತಿದ್ರಿ ಅಷ್ಟು ಹೊತ್ತು?"

"ಸುಮ್ನೆ," ಎಂದ. "ಸುಮ್ನೆ ನೋಡ್ತಿದ್ದೆ."

ಅವಳು ತಟ್ಟೆಯಿಂದ ಒಂದು ಹೋಳು ತೆಗೆದುಕೊಂಡು ಬಾಯಿಗೆ ಹಾಕಿಕೊಂಡಳು.

ಸಪಾಟು ಜಾಗದಲ್ಲಿ ದಿನಾ ಸ್ವಲ್ಪ ನಡೆಸಿ, ಸುಸ್ತಾದ ಕಡೆ ನಿಲ್ಲಲಿ ಎಂದಿದ್ದಳು ಚಿಕ್ಕ ಡಾಕ್ಟರಮ್ಮ. ಮನೆಗೆ ಬಂದ ಮುಂದಿನ ವಾರ ಒಂದು ಸಂಜೆ ಇಬ್ಬರೂ ಹೊರಟರು. ಬೀದಿಯ ತಿರುವಿಗೆ ಬಂದಾಗ ಅವನ ಕಾಲುಗಳು ಅಭ್ಯಾಸದಿಂದ ಟ್ಯಾಂಕಿನ ರಸ್ತೆಗೆ ಹೊರಳಿದವು. ನಿಂತ. "ಈ ಕಡೆ ಹೋಗೋಣ" ಎಂದು ಪೇಟೆಬೀದಿಯತ್ತ ಕೈ ತೋರಿಸಿದ.

"ಧೂಳು ಅಂತಿದ್ರಿ?"

"ಈಗ ಅಷ್ಟಿಲ್ಲ."

ನಿಧಾನವಾಗಿ ನಡೆಯುವುದು ಅವನಿಗೆ ಬರುತ್ತಲೇ ಇರಲಿಲ್ಲ. ಕಾಲುಗಳು ತಾವಾಗಿಯೇ ಮುಂದೆ ಹೋಗುತ್ತಿದ್ದವು, ಹೆಜ್ಜೆಹೆಜ್ಜೆಗೂ ಎಳೆದು ಹಿಡಿಯಬೇಕಾಗಿತ್ತು. ಬೀಗದ ಅಂಗಡಿಯ ಮುಂದೆ ಅವಳು ನಿಂತಳು. ಅವನೂ ನಿಂತ.

"ಆ ದೊಡ್ಡ ಬೀಗ ಚೆನ್ನಾಗಿದೆ ಅಲ್ವಾ?" ಎಂದಳು, ಗಾಜಿಗೆ ಮುಖ ಮಾಡಿ.

"ಬೀಗ ಹಾಳಾಗಿ ಹೋಗ್ಲಿ ಕಣೇ. ನೀನು ಉಸಿರಾಡು."

ಅವಳು ಮೆಲ್ಲಗೆ ತಿರುಗಿ ಅವನ ಮುಖ ನೋಡಿದಳು. "ಯಾರು ಹೇಳಿದ್ರು?"

"ಪರದೆ ಹಿಂದೆ ಇದ್ದೆ. ಆ ಡಾಕ್ಟರಮ್ಮ ಕೇಳ್ತಿದ್ದಾಗ."

ದಾರಿಹೋಕರು ಇಬ್ಬರನ್ನೂ ಬಳಸಿಕೊಂಡು ಹೋದರು. ಅವಳು ನಗತೊಡಗಿದಳು, ನಗುವುದಕ್ಕೂ ಉಸಿರು ಸಾಲದೆ ಅವನ ತೋಳು ಹಿಡಿದುಕೊಂಡಳು. "ಅಯ್ಯೋ, ಆ ನಲ್ಲಿ! ಯಾರಿಗಾದ್ರೂ ಕೊಟ್ಬಿಡೋಣ ರೀ. ಪಂಜರ ಇರ್ಲಿ, ಕ್ಲಿಪ್ಪಿಗೆ ಬೇಕು." ಅವನಿಗೂ ನಗು ಬಂತು, ಜತೆಗೇ ಕಣ್ಣೂ ಒದ್ದೆಯಾಯಿತು.

"ಒಂದು ಮಾತು ಹೇಳ್ಬಾರ್ದಾಗಿತ್ತಾ ನಂಗೆ?"

"ಹೇಳಿದ್ರೆ ನಿಧಾನಕ್ಕೆ ನಡೀತಿದ್ರಿ," ಎಂದಳು. "ಆಮೇಲೆ ಏನೂ ತಂದ್ಕೊಡ್ತಿರ್ಲಿಲ್ಲ."

ಮುಂದೆ ನಡೆದರು. ಮಕ್ಕಳ ಬಟ್ಟೆಯ ಅಂಗಡಿ ಇನ್ನೂ ಅಲ್ಲೇ ಇತ್ತು, ಬೋರ್ಡು ಮಾತ್ರ ಹೊಸದು. ಅದರ ಮುಂದೆ ಬಂದಾಗ ಅವಳು ನಿಂತಳು. ಈ ಮಾತನ್ನು ಆಡಿ ಮುಗಿಸಿಬಿಡಬೇಕು ಎಂದು ಅವನು ಆಸ್ಪತ್ರೆಯ ಬೆಂಚಿನ ಮೇಲೇ ನಿಶ್ಚಯಿಸಿದ್ದ. ಅಂದಿನ ಹಗುರವನ್ನು ಯಾರಿಗೂ ತೋರಿಸದೆ ಜೋಪಾನವಾಗಿ ಇಟ್ಟುಕೊಂಡಿದ್ದ.

"ಅವತ್ತು ಇಲ್ಲೂ ನೀನು ಉಸಿರಿಗೇ ನಿಂತಿದ್ದೆ. ನಾನು ಏನೋ ಅಂದ್ಕೊಂಡು ಜನರ ಮುಂದೆ ರೇಗಿಬಿಟ್ಟೆ. ತಪ್ಪಾಯ್ತು ಕಣೇ."

ಹೂಂ ಅನ್ನುತ್ತಾಳೆ ಎಂದು ಕಾದ. ಅವಳು ಗಾಜಿನೊಳಗೆ ನೋಡುತ್ತಿದ್ದಳು.

"ಇಲ್ಲ," ಎಂದಳು. "ಅವತ್ತು ಉಸಿರು ಚೆನ್ನಾಗೇ ಇತ್ತು."

ಅಷ್ಟೇ ಹೇಳಿದ್ದು. ದನಿಯಲ್ಲಿ ದೂರಿರಲಿಲ್ಲ. ಅವನು ಪಕ್ಕಕ್ಕೆ ಹೊರಳಿ ಅವಳ ಮುಖ ನೋಡಿದ. ಬಾಯಿ ಮುಚ್ಚಿರಲಿಲ್ಲ, ಹೊಳ್ಳೆ ಅರಳಿರಲಿಲ್ಲ, ಉಸಿರು ನಿಧಾನವಾಗಿ ಹೋಗಿ ಬರುತ್ತಿತ್ತು. ಈ ಮುಖವನ್ನು ಅವನು ಇದುವರೆಗೆ ನೋಡಿರಲಿಲ್ಲ. ಅಂದು ಇದೇ ಜಾಗದಲ್ಲಿ ಇದು ಅವನ ಮುಂದೆಯೇ ಇತ್ತು.

"ಹೋಗೋಣ್ವಾ?" ಎಂದಳು ಸ್ವಲ್ಪ ಹೊತ್ತಾದ ಮೇಲೆ.

"ಇರು," ಎಂದ ಅವನು.

ಒಳಗೆ ಹಳದಿ ಬಣ್ಣದ ಒಂದು ಸಣ್ಣ ಅಂಗಿಯನ್ನು ತೋಳು ಮಡಚಿ ಪಿನ್ನು ಚುಚ್ಚಿ ನಿಲ್ಲಿಸಿದ್ದರು. ಅಂಗಡಿಯವನು ಬೇಕೇ ಎಂಬಂತೆ ಒಳಗಿನಿಂದ ಹುಬ್ಬೇರಿಸಿದ. ಅವನು ಬೇಡವೆಂದು ತಲೆಯಾಡಿಸಿ, ಅವಳ ಪಕ್ಕಕ್ಕೆ ಸರಿದು, ಅಂಗಿಯನ್ನು ನೋಡುತ್ತಾ ನಿಂತ.